ಕೆಂಪು ಕಾರ್ಡ್ ಸಾಕೇ, ಕೋರ್ಟು ಬೇಕೇ?

ಫುಟ್‌ಬಾಲ್ ಮೈಗೆ ಮೈ ತಾಗಿಸಿಯೇ ಆಡಬೇಕಾದ ಆಟ. ಚೆಂಡಿಗಾಗಿ ಭುಜಕ್ಕೆ ಭುಜ ಕೊಟ್ಟು ತಳ್ಳುವುದು, ಎದುರಾಳಿಯ ಕಾಲಡಿಯ ಚೆಂಡನ್ನು ಹುಲ್ಲಿನ ಮೇಲೆ ಜಾರಿಬಂದು ಕಿತ್ತುಕೊಳ್ಳುವುದು, ಎತ್ತರದಲ್ಲಿ ಬಂದ ಚೆಂಡಿಗೆ ಇಬ್ಬರು ಒಟ್ಟಿಗೇ ನೆಗೆದು ತಲೆ ಕೊಡುವುದು ಎಲ್ಲವೂ ನಿಯಮದೊಳಗೇ ಇವೆ. ಇದನ್ನೇ ಬಸ್ ನಿಲ್ದಾಣದಲ್ಲಿ ಮಾಡಿದರೆ ಪೊಲೀಸರು ಬರುತ್ತಾರೆ, ಮೈದಾನದಲ್ಲಿ ಮಾಡಿದರೆ ಬರುವುದಿಲ್ಲ. ಏಕೆ ಬರುವುದಿಲ್ಲ, ಎಂಥ ಸಂದರ್ಭದಲ್ಲಿ ಬರಬೇಕು ಎಂದು ನ್ಯಾಯಾಲಯಗಳು ಸುಮಾರು ಒಂದೂವರೆ ಶತಮಾನದಿಂದ ವಿಚಾರ ಮಾಡುತ್ತಲೇ ಇವೆ. ಈ ವಿಚಾರ ಹೆಚ್ಚು ನಡೆದಿರುವುದು ಆಧುನಿಕ ಫುಟ್‌ಬಾಲ್ ಹುಟ್ಟಿದ ಬ್ರಿಟನ್ನಿನಲ್ಲಿ.

ಮೊದಲು ಆಟದ ಕಾನೂನನ್ನೇ ನೋಡಬೇಕು. ಫುಟ್‌ಬಾಲಿಗೆ 17 ನಿಯಮಗಳಿವೆ. ಅವುಗಳಲ್ಲಿ 12ನೆಯದು ಫೌಲ್‌ಗಳನ್ನು ಕುರಿತದ್ದು. ಅದು ತಪ್ಪನ್ನು ಮೂರು ಮಟ್ಟಗಳಲ್ಲಿ ಅಳೆಯುತ್ತದೆ. ಅಜಾಗರೂಕತೆಯಿಂದ ಕಾಲು ತಾಗಿಸಿದರೆ ಎದುರಾಳಿಗೆ ಫ್ರೀ ಕಿಕ್ ಸಿಗುತ್ತದೆ, ಅಷ್ಟೇ. ಎದುರಿಗಿರುವವನಿಗೆ ಏನಾದೀತು ಎಂಬುದನ್ನು ಲೆಕ್ಕಿಸದೆ ನುಗ್ಗಿದರೆ ಹಳದಿ ಕಾರ್ಡ್. ಮಿತಿಮೀರಿದ ಬಲ ಹಾಕಿ ಎದುರಾಳಿಯ ಸುರಕ್ಷತೆಗೇ ಅಪಾಯ ತಂದರೆ ಕೆಂಪು ಕಾರ್ಡ್. ಕೆಂಪು ಕಾರ್ಡಿನ ಒಳಗೂ ಈ ನಿಯಮ ಇನ್ನೊಂದು ಗೆರೆ ಎಳೆಯುತ್ತದೆ. ಚೆಂಡಿಗಾಗಿ ಸೆಣಸುವಾಗ ಮಾಡಿದ್ದು ಗಂಭೀರ ಫೌಲ್. ಚೆಂಡಿನ ಗೊಡವೆಯೇ ಇಲ್ಲದೆ ಹೊಡೆದದ್ದು, ಗುದ್ದಿದ್ದು ಹಿಂಸಾಚಾರ. ರೆಫರಿಗೆ ಎರಡಕ್ಕೂ ಒಂದೇ ಬಣ್ಣದ ಕಾರ್ಡ್. ಆದರೆ ಕ್ರಿಮಿನಲ್ ಕಾನೂನು ಎಲ್ಲಿಂದ ಶುರುವಾಗಬೇಕು ಎಂಬ ಪ್ರಶ್ನೆಗೆ ಉತ್ತರ ಬಹುಮಟ್ಟಿಗೆ ಈ ಗೆರೆಯಲ್ಲೇ ಇದೆ.

ನೆಲದ ಕಾನೂನು ಆಟಗಾರನನ್ನು ಕಾಯುವುದು ಸಮ್ಮತಿಯ ಮೂಲಕ. ಮೈದಾನಕ್ಕೆ ಇಳಿದವನು ಆಟದಲ್ಲಿ ಸಹಜವಾಗಿ ಬೀಳುವ ಪೆಟ್ಟುಗಳಿಗೆ ಒಪ್ಪಿಕೊಂಡೇ ಇಳಿದಿರುತ್ತಾನೆ ಎಂಬುದು ಇದರ ಆಧಾರ. ಬೇರೆ ಕಡೆ ಈ ಸಮ್ಮತಿಗೆ ಅಷ್ಟು ಬೆಲೆಯಿಲ್ಲ. ಇಬ್ಬರು ಒಪ್ಪಿಕೊಂಡೇ ಬೀದಿಯಲ್ಲಿ ಕೈ ಕೈ ಮಿಲಾಯಿಸಿದರೂ ಇಂಗ್ಲೆಂಡಿನ ಕಾನೂನಿನಲ್ಲಿ ಅದು ಅಪರಾಧ. ಬಾಜಿ ಕಟ್ಟಿ ಬರಿಗೈಯಲ್ಲಿ ಗುದ್ದಾಡುವ ಪಂದ್ಯಗಳನ್ನು 1882ರಲ್ಲೇ ಅಲ್ಲಿನ ನ್ಯಾಯಾಲಯ ಕಾನೂನುಬಾಹಿರ ಎಂದು ಸಾರಿತ್ತು. ಕ್ರಮಬದ್ಧವಾಗಿ ನಡೆಯುವ ಕ್ರೀಡೆಗಷ್ಟೇ ವಿನಾಯಿತಿ ಸಿಕ್ಕಿತು. ಜನರ ಆರೋಗ್ಯಕ್ಕೂ ಸಮಾಜಕ್ಕೂ ಕ್ರೀಡೆ ಬೇಕು, ಅದರೊಂದಿಗೆ ಬರುವ ಗಾಯಗಳನ್ನು ಸಹಿಸಿಕೊಳ್ಳಬೇಕು ಎಂಬುದು ಈ ವಿನಾಯಿತಿಯ ಹಿಂದಿನ ತರ್ಕ. ಆಟಗಾರನ ಒಪ್ಪಿಗೆ ಎಲ್ಲಿಯವರೆಗೆ ಎಂಬುದು ಮಾತ್ರ ಎಲ್ಲೂ ಬರೆದಿಟ್ಟಿಲ್ಲ. ತಡವಾಗಿ ಬಂದ ಟ್ಯಾಕಲ್‌ಗೆ ಅವನು ಒಪ್ಪಿದ್ದಾನೆ ಎನ್ನಬಹುದು, ಏಕೆಂದರೆ ಅಂಥದ್ದು ಪ್ರತಿ ಪಂದ್ಯದಲ್ಲೂ ಆಗುತ್ತದೆ. ಮುಖಕ್ಕೆ ಬಿದ್ದ ಗುದ್ದಿಗೆ ಒಪ್ಪಿದ್ದಾನೆ ಎನ್ನಲಾಗದು.

ಈ ವಿಷಯದಲ್ಲಿ ಇಂದಿಗೂ ಉಲ್ಲೇಖಗೊಳ್ಳುವ ಮೊದಲ ಪ್ರಕರಣ 1878ರದು. ಇಂಗ್ಲೆಂಡಿನ ಲೆಸ್ಟರ್ ಸೀಮೆಯ ಎರಡು ಊರುಗಳ ತಂಡಗಳ ನಡುವೆ ಪಂದ್ಯ. ಚೆಂಡನ್ನು ನಡೆಸಿಕೊಂಡು ಬರುತ್ತಿದ್ದವನ ಮೇಲೆ ಬ್ರಾಡ್‌ಶಾ ಎಂಬ ಆಟಗಾರ ನೆಗೆದ. ಅವನ ಮೊಣಕಾಲು ಎದುರಾಳಿಯ ಹೊಟ್ಟೆಗೆ ಬಡಿಯಿತು. ಕರುಳು ಒಡೆದು ಆತ ಮರುದಿನ ಸತ್ತ. ಕೊಲೆಯಲ್ಲದ ಮಾನವಹತ್ಯೆಯ ಆರೋಪದ ಮೇಲೆ ವಿಚಾರಣೆ ನಡೆಯಿತು. ನ್ಯಾಯಮೂರ್ತಿ ಬ್ರಾಮ್‌ವೆಲ್ ಜ್ಯೂರಿಗೆ ಎರಡು ಮಾತು ಹೇಳಿದರು. ನೆಲದ ಕಾನೂನು ಅಪರಾಧ ಎಂದದ್ದನ್ನು ಯಾವ ಆಟದ ನಿಯಮವೂ ಸರಿ ಎನ್ನಲಾಗದು ಎಂಬುದು ಮೊದಲನೆಯದು. ಆಟಗಾರ ನಿಯಮದೊಳಗೇ ಆಡುತ್ತಿದ್ದರೆ ಅವನಲ್ಲಿ ದುರುದ್ದೇಶ ಇರಲಿಲ್ಲ ಎಂದು ತಿಳಿಯಲು ಅದು ಒಳ್ಳೆಯ ಸಾಕ್ಷ್ಯ ಎಂಬುದು ಎರಡನೆಯದು. ಜ್ಯೂರಿ ಬ್ರಾಡ್‌ಶಾನನ್ನು ಬಿಡುಗಡೆ ಮಾಡಿತು. ಇಪ್ಪತ್ತು ವರ್ಷಗಳ ನಂತರ, 1898ರಲ್ಲಿ, ಅದೇ ಲೆಸ್ಟರ್‌ನಲ್ಲಿ ಮೂರ್ ಎಂಬಾತ ಎದುರಾಳಿಯ ಬೆನ್ನಿಗೆ ಎರಡೂ ಮೊಣಕಾಲು ಕೊಟ್ಟು ನೆಗೆದ. ಏಟು ತಿಂದವನು ಮುಂದಿದ್ದ ಗೋಲ್‌ಕೀಪರ್‌ಗೆ ಅಪ್ಪಳಿಸಿ ಕೆಲವು ದಿನಗಳಲ್ಲಿ ತೀರಿಕೊಂಡ. ಈ ಬಾರಿ ಜ್ಯೂರಿ ಅಪರಾಧಿ ಎಂದಿತು. ಎರಡು ಕಡೆಯೂ ಸಾವು ಸಂಭವಿಸಿತ್ತು, ತೀರ್ಪು ಮಾತ್ರ ಬೇರೆಯಾಯಿತು. ಗಾಯ ಎಷ್ಟು ದೊಡ್ಡದು ಎಂಬುದರಿಂದ ಅಪರಾಧ ತೀರ್ಮಾನವಾಗುವುದಿಲ್ಲ ಎಂಬುದು ಅಷ್ಟು ಹಿಂದೆಯೇ ಸ್ಪಷ್ಟವಾಗಿತ್ತು.

ಆಮೇಲೆ ಸುಮಾರು ತೊಂಬತ್ತು ವರ್ಷ ವೃತ್ತಿಪರ ಫುಟ್‌ಬಾಲಿನ ಕಡೆ ಪೊಲೀಸರು ಹೆಚ್ಚು ತಲೆ ಹಾಕಲಿಲ್ಲ. ಕ್ಲಬ್ಬುಗಳು, ಸಂಘಗಳು ತಮ್ಮ ಮನೆಯ ಜಗಳವನ್ನು ತಾವೇ ಬಗೆಹರಿಸಿಕೊಂಡವು. ಪರಿಸ್ಥಿತಿ ಬದಲಾದದ್ದು 1980ರ ದಶಕದ ಕೊನೆಯಲ್ಲಿ, ಗ್ಲಾಸ್ಗೋ ನಗರದಲ್ಲಿ. ಅಲ್ಲಿನ ರೇಂಜರ್ಸ್ ಮತ್ತು ಸೆಲ್ಟಿಕ್ ತಂಡಗಳ ಹಗೆತನಕ್ಕೆ ಪ್ರಾಟೆಸ್ಟೆಂಟ್-ಕ್ಯಾಥೊಲಿಕ್ ವೈಷಮ್ಯದ ಬೇರುಗಳಿವೆ. 1987ರ ಅಕ್ಟೋಬರ್ 17ರಂದು ಐಬ್ರಾಕ್ಸ್ ಮೈದಾನದಲ್ಲಿ ಸೆಲ್ಟಿಕ್‌ನ ಫ್ರ್ಯಾಂಕ್ ಮ್ಯಾಕವೆನಿ ಮತ್ತು ರೇಂಜರ್ಸ್ ಗೋಲ್‌ಕೀಪರ್ ಕ್ರಿಸ್ ವುಡ್ಸ್ ಗೋಲಿನ ಮುಂದೆ ನೂಕಾಡಿಕೊಂಡರು. ರೇಂಜರ್ಸ್‌ನ ಟೆರಿ ಬುಚರ್, ಗ್ರಹಾಂ ರಾಬರ್ಟ್ಸ್ ಅದರೊಳಗೆ ಸೇರಿಕೊಂಡರು. ವುಡ್ಸ್, ಮ್ಯಾಕವೆನಿ ಇಬ್ಬರಿಗೂ ಕೆಂಪು ಕಾರ್ಡ್ ಬಿತ್ತು. ಬುಚರ್ ಕೂಡ ಆಮೇಲೆ ಹೊರಹೋದ. ಗೋಲ್‌ಕೀಪರ್ ಇಲ್ಲದ ತಂಡಕ್ಕೆ ರಾಬರ್ಟ್ಸ್ ಕೈಗವಸು ತೊಟ್ಟು ನಿಂತ. ಪಂದ್ಯ 2-2ರಲ್ಲಿ ಮುಗಿಯುವ ಹೊತ್ತಿಗೆ ಬೆನ್ನ ಹಿಂದಿನ ಅಭಿಮಾನಿಗಳ ಹಾಡಿಗೆ ಕೈಯಾಡಿಸಿ ತಾಳ ಹಾಕುತ್ತಿದ್ದಂತೆ ಕಂಡ.

ನಾಲ್ವರ ಮೇಲೂ ಮೊಕದ್ದಮೆ ಬಿತ್ತು. ಆರೋಪ ಹಲ್ಲೆಯದಲ್ಲ, ಶಾಂತಿಭಂಗಕ್ಕೆ ಪ್ರಚೋದನೆ ನೀಡಿದ್ದು. 1988ರಲ್ಲಿ ಗ್ಲಾಸ್ಗೋ ನ್ಯಾಯಾಲಯ ವುಡ್ಸ್‌ಗೆ 500 ಪೌಂಡ್, ಬುಚರ್‌ಗೆ 250 ಪೌಂಡ್ ದಂಡ ಹಾಕಿತು. ಮ್ಯಾಕವೆನಿ ನಿರ್ದೋಷಿ ಎನಿಸಿದ. ರಾಬರ್ಟ್ಸ್ ಮೇಲಿನ ಆರೋಪ ‘ಸಾಬೀತಾಗಿಲ್ಲ’ ಎಂಬ, ಆಗ ಸ್ಕಾಟ್ಲೆಂಡಿನಲ್ಲಿದ್ದ ಮೂರನೆಯ ಬಗೆಯ ತೀರ್ಪು ಪಡೆಯಿತು. ಯಾರಿಗೂ ಹೇಳಿಕೊಳ್ಳುವಂಥ ಗಾಯವಾಗಿರಲಿಲ್ಲ. ಪ್ರಾಸಿಕ್ಯೂಷನ್ನಿನ ಕಣ್ಣು ಇದ್ದದ್ದು ಆಟಗಾರರ ಮೈ ಮೇಲಲ್ಲ, ಗ್ಯಾಲರಿಯ ಮೇಲೆ. ಮೈದಾನದ ಹಿಂಸೆಯನ್ನು ಕೋರ್ಟಿಗೆ ಎಳೆಯುವುದಕ್ಕೆ ಎರಡು ಬೇರೆ ಬೇರೆ ಕಾರಣಗಳಿವೆ ಎಂಬುದನ್ನು ಈ ಪ್ರಕರಣ ಎತ್ತಿ ತೋರಿಸುತ್ತದೆ. ಪೆಟ್ಟು ತಿಂದ ಆಟಗಾರನಿಗೆ ನ್ಯಾಯ ಕೊಡುವುದು ಒಂದು, ನೋಡುತ್ತಿರುವ ಸಾವಿರಾರು ಜನ ಕೆರಳದಂತೆ ತಡೆಯುವುದು ಇನ್ನೊಂದು. ಈ ವಿಷಯದ ಚರ್ಚೆಗಳು ಗೋಜಲಾಗುವುದು ಇವೆರಡನ್ನೂ ಒಂದೇ ಗಂಟಿನಲ್ಲಿ ಕಟ್ಟುವುದರಿಂದ.

ಎರಡನೆಯ ಕಾರಣ ಬರಿಯ ನೆಪವಲ್ಲ ಎನ್ನುವುದಕ್ಕೆ ಭಾರತದಲ್ಲೇ ಸಾಕ್ಷಿಯಿದೆ. 1980ರ ಆಗಸ್ಟ್ 16ರಂದು ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಈಸ್ಟ್ ಬೆಂಗಾಲ್-ಮೋಹನ್ ಬಗಾನ್ ಪಂದ್ಯ ನಡೆಯುತ್ತಿದ್ದಾಗ ಇಬ್ಬರು ಆಟಗಾರರ ನಡುವೆ ಹುಟ್ಟಿದ ಜಗಳ ಗ್ಯಾಲರಿಗೆ ಹಬ್ಬಿತು. ಕಲ್ಲು ತೂರಾಟ, ನೂಕುನುಗ್ಗಲಿನಲ್ಲಿ 16 ಪ್ರೇಕ್ಷಕರು ಸತ್ತರು. ಬಂಗಾಳದ ಫುಟ್‌ಬಾಲ್ ಪ್ರೇಮಿಗಳು ಇಂದಿಗೂ ಆ ದಿನವನ್ನು ಅವರ ನೆನಪಿಗೆ ಮೀಸಲಿಟ್ಟಿದ್ದಾರೆ.

ಬ್ರಿಟನ್ನಿನಲ್ಲಿ ಆಟಗಾರನ ಗಾಯವನ್ನೇ ಮುಂದಿಟ್ಟುಕೊಂಡ ಮೊಕದ್ದಮೆಗಳೂ ಅದೇ ಕಾಲದಲ್ಲಿ ಬಂದವು. 1988ರಲ್ಲಿ ಸ್ವಿಂಡನ್ ತಂಡದ ಕ್ರಿಸ್ ಕಮಾರ ಶ್ರೂಸ್‌ಬರಿ ತಂಡದ ಜಿಮ್ ಮೆಲ್ರೋಸ್‌ನ ಕೆನ್ನೆಯ ಮೂಳೆ ಮುರಿದ. ಗಂಭೀರ ಗಾಯ ಮಾಡಿದ ಅಪರಾಧ ಸಾಬೀತಾಗಿ ಅವನಿಗೆ ದಂಡ ಬಿತ್ತು. ಮುಂದೆ ಇದೇ ಕಮಾರ ಟಿವಿಯ ಜನಪ್ರಿಯ ವಿಶ್ಲೇಷಕನಾದ. ಬ್ರೆಂಟ್‌ಫರ್ಡ್‌ನ ಗ್ಯಾರಿ ಬ್ಲಿಸೆಟ್‌ನ ಪ್ರಕರಣ ಇದಕ್ಕೆ ತದ್ವಿರುದ್ಧ. 1991ರ ಡಿಸೆಂಬರಿನಲ್ಲಿ ಚೆಂಡಿಗಾಗಿ ಇಬ್ಬರೂ ಮೇಲೆ ನೆಗೆದಾಗ ಅವನ ಮೊಣಕೈ ಟಾರ್ಕಿಯ ಜಾನ್ ಉಜೆಲ್‌ನ ಮುಖಕ್ಕೆ ಬಡಿದು ಕಣ್ಣಿನ ಸುತ್ತಲ ಮೂಳೆ ಒಡೆಯಿತು. ಉಜೆಲ್‌ನ ಆಟದ ಬದುಕು ಅಲ್ಲಿಗೇ ಮುಗಿಯಿತು. ಇಂಗ್ಲೆಂಡ್ ಫುಟ್‌ಬಾಲ್ ಸಂಘದ ಮುಖ್ಯಾಧಿಕಾರಿ ಗ್ರಹಾಂ ಕೆಲಿ ಸಾಕ್ಷಿಯ ಕಟ್ಟೆಗೆ ಬಂದು, ವಾರಕ್ಕೆ ನಾಲ್ಕು ಪಂದ್ಯ ನೋಡಿದರೆ ಇಂಥ ನೆಗೆತ ಇನ್ನೂರಾದರೂ ಕಣ್ಣಿಗೆ ಬೀಳುತ್ತವೆ ಎಂಬರ್ಥದ ಹೇಳಿಕೆ ಕೊಟ್ಟರು. ಜ್ಯೂರಿ ಬ್ಲಿಸೆಟ್‌ನನ್ನು ಖುಲಾಸೆ ಮಾಡಿತು. ತೀರ್ಪು ಸರಿಯಿರಬಹುದು, ಆದರೆ ಎಲ್ಲರೂ ಮಾಡುತ್ತಾರೆ ಎಂಬುದೇ ರಕ್ಷಣೆಯಾದರೆ ಆಟ ಒರಟಾದಷ್ಟೂ ಕಾನೂನು ಮೆತ್ತಗಾಗುತ್ತ ಹೋಗುತ್ತದೆ. ಕೆಲಿಯವರ ವಾದದ ಈ ದೌರ್ಬಲ್ಯವನ್ನು ಕಾಣಲು ಕಾನೂನು ಓದಿರಬೇಕಿಲ್ಲ.

ಈ ಚರ್ಚೆಯಲ್ಲಿ ಹೆಚ್ಚು ಕೇಳಿಬರುವ ಹೆಸರು ಡಂಕನ್ ಫರ್ಗುಸನ್. 1994ರ ಏಪ್ರಿಲ್ 16ರಂದು ರೇಂಜರ್ಸ್ ಪರ ಆಡುತ್ತಿದ್ದ ಈ ಎತ್ತರದ ಆಳು ರೇತ್ ರೋವರ್ಸ್ ತಂಡದ ಜಾನ್ ಮ್ಯಾಕ್‌ಸ್ಟೇಗೆ ತಲೆಯಿಂದ ಗುದ್ದಿದ. ರೆಫರಿ ಯಾವ ಕಾರ್ಡನ್ನೂ ತೋರಿಸಲಿಲ್ಲ. ಸ್ಕಾಟ್ಲೆಂಡ್ ಸಂಘ ಆಮೇಲೆ 12 ಪಂದ್ಯಗಳ ನಿಷೇಧ ಹಾಕಿತು. ಪ್ರಾಸಿಕ್ಯೂಷನ್ ಅಷ್ಟಕ್ಕೆ ಬಿಡದೆ ಹಲ್ಲೆಯ ಮೊಕದ್ದಮೆ ಹೂಡಿತು. ಫರ್ಗುಸನ್ ಮೈದಾನದ ಹೊರಗೆ ಮಾಡಿದ್ದ ಹಲ್ಲೆಗಳಿಗಾಗಿ ಆಗಲೇ ಶಿಕ್ಷೆಗೊಳಗಾಗಿದ್ದ, ಪ್ರೊಬೇಷನ್ ಮೇಲಿದ್ದ. ನ್ಯಾಯಾಲಯ ಮೂರು ತಿಂಗಳ ಸೆರೆವಾಸ ವಿಧಿಸಿತು. ಮೇಲ್ಮನವಿ ಬಿದ್ದುಹೋಗಿ 1995ರ ಅಕ್ಟೋಬರಿನಲ್ಲಿ ಆತ ಗ್ಲಾಸ್ಗೋದ ಬಾರ್ಲಿನಿ ಜೈಲು ಸೇರಿ 44 ದಿನ ಕಳೆದ. ಅಷ್ಟರಲ್ಲಿ ಎವರ್ಟನ್ ಕ್ಲಬ್ ಅವನನ್ನು ದೊಡ್ಡ ಬೆಲೆಗೆ ಕೊಂಡಿತ್ತು. ಫಿನ್ಲೆಂಡಿನ ಸಂಗೀತಕಾರ ಓಸ್ಮೊ ತಾಪಿಯೊ ರೈಹಾಲಾ ಮುಂದೆ ಇವನ ಮೇಲೆ ‘ಬಾರ್ಲಿನಿ ನೈನ್’ ಎಂಬ ವಾದ್ಯವೃಂದದ ಕೃತಿಯನ್ನೇ ರಚಿಸಿದ. ಜೈಲು ಕಂಡ ಮುನ್ನುಗ್ಗುವ ಆಟಗಾರನಿಗೆ ಅಭಿಮಾನಿಗಳ ಲೋಕದಲ್ಲಿ ಸಿಗುವ ಸ್ಥಾನ ಎಂಥದ್ದು ಎಂಬುದಕ್ಕೆ ಇದು ಉದಾಹರಣೆ. ಮ್ಯಾಕ್‌ಸ್ಟೇಯ ಹೆಸರು ಬಹುತೇಕರಿಗೆ ನೆನಪಿಲ್ಲ.

ಇದೇ ಗುದ್ದನ್ನು ಇನ್ನೊಂದರ ಪಕ್ಕ ಇಟ್ಟು ನೋಡಬೇಕು. 2006ರ ಜುಲೈ 9ರಂದು ಬರ್ಲಿನ್‌ನಲ್ಲಿ ವಿಶ್ವಕಪ್ ಫೈನಲ್ ನಡೆಯುತ್ತಿದ್ದಾಗ ಫ್ರಾನ್ಸಿನ ಜಿನೆದಿನ್ ಜಿದಾನ್ ಇಟಲಿಯ ಮಾರ್ಕೊ ಮತೆರಾತ್ಸಿಯ ಎದೆಗೆ ತಲೆಯಿಂದ ಗುದ್ದಿ ಕೆಡವಿದ. ಜಗತ್ತೇ ಅದನ್ನು ಟಿವಿಯಲ್ಲಿ ನೋಡಿತು. ಫಿಫಾ ಮೂರು ಪಂದ್ಯಗಳ ನಿಷೇಧ ವಿಧಿಸಿತು, ಆದರೆ ಅದು ಜಿದಾನ್‌ನ ಕೊನೆಯ ಪಂದ್ಯ. ನಿಷೇಧದ ಬದಲಿಗೆ ಆತ ಮೂರು ದಿನ ಸಮಾಜಸೇವೆ ಮಾಡಿದ. ಕೋರ್ಟಿನ ಮಾತು ಬರಲೇ ಇಲ್ಲ. ಒಬ್ಬನಿಗೆ 44 ದಿನ ಜೈಲು, ಇನ್ನೊಬ್ಬನಿಗೆ ಮೂರು ದಿನ ಮಕ್ಕಳೊಂದಿಗೆ ಆಟ. ದೇಶ, ಹಿಂದಿನ ದಾಖಲೆ, ಪೆಟ್ಟು ಬಿದ್ದ ಜಾಗ ಬೇರೆ ಬೇರೆ ಎನ್ನಬಹುದು. ಹಾಗಿದ್ದರೂ ಕ್ರಿಮಿನಲ್ ಮೊಕದ್ದಮೆಯ ವಿರುದ್ಧ ಇರುವ ಬಲವಾದ ವಾದ ಇದೇ: ಅದು ಯಾರ ಮೇಲೆ ಬೀಳುತ್ತದೆ ಎಂಬುದು ಬಹಳ ಸಲ ಸ್ಥಳೀಯ ಅಧಿಕಾರಿಯ ಉತ್ಸಾಹಕ್ಕೆ ಬಿಟ್ಟದ್ದು. ಇದನ್ನು ಸ್ಕಾಟ್ಲೆಂಡ್ ಗಮನಿಸದೆ ಇರಲಿಲ್ಲ. ಮೈದಾನದ ಘಟನೆಗಳಲ್ಲಿ ಪೊಲೀಸರು ಯಾವಾಗ ಕೈಹಾಕಬೇಕು ಎಂಬ ಬಗ್ಗೆ ಅಲ್ಲಿನ ಉನ್ನತ ಕಾನೂನು ಅಧಿಕಾರಿ ಲಾರ್ಡ್ ಅಡ್ವೊಕೇಟ್ 1996ರಲ್ಲಿ ಲಿಖಿತ ಸೂಚನೆ ಹೊರಡಿಸಿದರು.

ಪೆಟ್ಟು ಆಟಗಾರನ ಮೇಲಲ್ಲದೆ ಪ್ರೇಕ್ಷಕನ ಮೇಲೆ ಬಿದ್ದರೆ ಸಮ್ಮತಿಯ ಪ್ರಶ್ನೆಯೇ ಏಳುವುದಿಲ್ಲ. 1995ರ ಜನವರಿ 25ರಂದು ಲಂಡನ್ನಿನ ಸೆಲ್‌ಹರ್ಸ್ಟ್ ಪಾರ್ಕ್‌ನಲ್ಲಿ ಕೆಂಪು ಕಾರ್ಡ್ ಪಡೆದು ಹೊರಗೆ ನಡೆಯುತ್ತಿದ್ದ ಮ್ಯಾಂಚೆಸ್ಟರ್ ಯುನೈಟೆಡ್‌ನ ಎರಿಕ್ ಕಾಂಟೊನಾ, ತನ್ನನ್ನು ಬೈದ ಪ್ರೇಕ್ಷಕನ ಎದೆಗೆ ಹಾರಿ ಒದ್ದ. ಮ್ಯಾಜಿಸ್ಟ್ರೇಟರು ಎರಡು ವಾರ ಸೆರೆವಾಸ ವಿಧಿಸಿದರು. ಮೇಲ್ಮನವಿಯಲ್ಲಿ ಅದು 120 ಗಂಟೆಗಳ ಸಮುದಾಯ ಸೇವೆಯಾಯಿತು. ಫುಟ್‌ಬಾಲ್ ಸಂಘ ಆ ಸೆಪ್ಟೆಂಬರ್ ಅಂತ್ಯದವರೆಗೂ ಅವನನ್ನು ಆಟದಿಂದ ದೂರವಿಟ್ಟಿತು. ಗಮನಿಸಿದರೆ ನ್ಯಾಯಾಲಯಕ್ಕಿಂತ ಸಂಘ ಕೊಟ್ಟ ಶಿಕ್ಷೆಯೇ ಭಾರಿ.

ಗೊಂದಲಕ್ಕೆ ಒಂದು ಚೌಕಟ್ಟು ಹಾಕಿದ್ದು 2004ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ. ಹವ್ಯಾಸಿ ಪಂದ್ಯವೊಂದರಲ್ಲಿ ಬಾರ್ನ್ಸ್ ಎಂಬಾತನ ಟ್ಯಾಕಲ್‌ನಿಂದ ಎದುರಾಳಿಯ ಕಾಲಿಗೆ ಗಂಭೀರ ಗಾಯವಾಗಿ, ಕೆಳ ನ್ಯಾಯಾಲಯ ಶಿಕ್ಷೆ ಕೊಟ್ಟಿತ್ತು. ಮುಖ್ಯ ನ್ಯಾಯಮೂರ್ತಿ ವುಲ್ಫ್ ಅವರ ಪೀಠ ಅದನ್ನು ರದ್ದುಮಾಡಿತು. ಕ್ರೀಡೆಗಳಿಗೆ ತಮ್ಮದೇ ಶಿಸ್ತುಕ್ರಮಗಳಿವೆ, ಗಾಯಗೊಂಡವನಿಗೆ ಸಿವಿಲ್ ದಾವೆಯ ದಾರಿಯೂ ಇದೆ, ಆದ್ದರಿಂದ ಕ್ರಿಮಿನಲ್ ಮೊಕದ್ದಮೆ ತೀರ ಗಂಭೀರ ಪ್ರಸಂಗಗಳಿಗೆ ಮಾತ್ರ ಮೀಸಲಿರಬೇಕು ಎಂಬುದು ಪೀಠದ ನಿಲುವು. ಆಟದ ಬಿಸಿಯಲ್ಲಿ ನಿಯಮ ಮೀರಿದರೂ, ಅದಕ್ಕೆ ಕೆಂಪು ಕಾರ್ಡೇ ಸಿಕ್ಕರೂ, ಅದು ಅಪರಾಧವಾಗಲೇಬೇಕೆಂದಿಲ್ಲ. ಆಟ ಯಾವುದು, ಯಾವ ಮಟ್ಟದ್ದು, ಕೃತ್ಯ ಎಂಥದ್ದು, ಹಾಕಿದ ಬಲವೆಷ್ಟು, ಗಾಯದ ಅಪಾಯವೆಷ್ಟು, ಆಟಗಾರನ ಮನಸ್ಸಿನಲ್ಲಿ ಏನಿತ್ತು ಎಂಬುದನ್ನೆಲ್ಲ ತೂಗಿ, ಇದನ್ನು ಆಟದ ಭಾಗವೆನ್ನಲು ಸಾಧ್ಯವೇ ಎಂದು ಕೇಳಿಕೊಳ್ಳಬೇಕು.

ಈ ಅಳತೆಗೋಲಿಗೂ ಜಗ್ಗದ ಪ್ರಸಂಗವೊಂದಿದೆ. 2001ರ ಏಪ್ರಿಲ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ನಾಯಕ ರಾಯ್ ಕೀನ್, ಮ್ಯಾಂಚೆಸ್ಟರ್ ಸಿಟಿಯ ಆಲ್ಫ್-ಇಂಗೆ ಹಾಲಂಡ್‌ನ ಮೊಣಕಾಲಿಗೆ ಬೂಟು ಎತ್ತಿ ಒದ್ದ. ಆಲ್ಫ್-ಇಂಗೆ ಇಂದಿನ ಆಟಗಾರ ಎರ್ಲಿಂಗ್ ಹಾಲಂಡ್‌ನ ತಂದೆ. ಕೀನ್‌ಗೆ ಕೆಂಪು ಕಾರ್ಡ್ ಬಿತ್ತು, ಕೆಲವು ಪಂದ್ಯಗಳ ನಿಷೇಧವೂ ಆಯಿತು. ಮರುವರ್ಷ ಹೊರಬಂದ ಆತ್ಮಕಥೆಯಲ್ಲಿ, ಹಳೆಯ ಸೇಡು ತೀರಿಸಿಕೊಳ್ಳಲು ಬೇಕೆಂದೇ ಒದ್ದೆ ಎಂದು ಓದುಗರಿಗೆ ಅರ್ಥವಾಗುವಂತೆ ಬರೆದುಕೊಂಡಿದ್ದ. ಸಂಘ ಮತ್ತೆ ಐದು ಪಂದ್ಯಗಳ ನಿಷೇಧ, ಒಂದೂವರೆ ಲಕ್ಷ ಪೌಂಡ್ ದಂಡ ಹಾಕಿತು. ಕ್ರಿಮಿನಲ್ ಮೊಕದ್ದಮೆ ನಡೆಯಲಿಲ್ಲ. ಟ್ಯಾಕಲ್‌ನಲ್ಲಿ ದುರುದ್ದೇಶ ಸಾಬೀತುಮಾಡುವುದೇ ಕಷ್ಟ ಎನ್ನುವಾಗ, ಉದ್ದೇಶ ಮುದ್ರಣವಾಗಿ ಪುಸ್ತಕದಂಗಡಿಗೇ ಬಂದದ್ದು ಅಪರೂಪ. ಅಲ್ಲಿಯೂ ಮೊಕದ್ದಮೆ ಇಲ್ಲವೆಂದರೆ, ಚೆಂಡು ಹತ್ತಿರವಿದ್ದ ಮಾತ್ರಕ್ಕೆ ಹಲ್ಲೆಯನ್ನು ಟ್ಯಾಕಲ್ ಎಂದು ಕರೆದು ಬಿಟ್ಟುಬಿಡುವ ಅಭ್ಯಾಸ ಎಷ್ಟು ಆಳವಾಗಿದೆ ಎಂದು ತಿಳಿಯುತ್ತದೆ.

ನೆದರ್ಲೆಂಡ್ಸ್ ಈ ವಿಷಯದಲ್ಲಿ ಬೇರೆ ದಾರಿ ಹಿಡಿಯಿತು. 2004ರ ಡಿಸೆಂಬರಿನಲ್ಲಿ ಸ್ಪಾರ್ಟಾ ರೋಟರ್‌ಡ್ಯಾಮ್‌ನ ರಶೀದ್ ಬುವಾವ್ಜಾನ್ ಮಾಡಿದ ಟ್ಯಾಕಲ್‌ಗೆ ಗೋ ಅಹೆಡ್ ಈಗಲ್ಸ್ ತಂಡದ ನೀಲ್ಸ್ ಕೊಕ್‌ಮೈಯರ್‌ನ ಕಾಲು ಮುರಿದು ಅವನ ವೃತ್ತಿಜೀವನ ಕೊನೆಗೊಂಡಿತು. ಆ ದೇಶದ ನ್ಯಾಯಾಲಯಗಳು ಬುವಾವ್ಜಾನ್‌ನನ್ನು ಅಪರಾಧಿ ಎಂದು ಸಾರಿ ಅಮಾನತಿನಲ್ಲಿಟ್ಟ ಸೆರೆಶಿಕ್ಷೆ ಕೊಟ್ಟವು. 2008ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಇಂಗ್ಲೆಂಡಿನಲ್ಲಾಗಿದ್ದರೆ ಇದು ಬಹುಶಃ ಸಿವಿಲ್ ದಾವೆಯಾಗುತ್ತಿತ್ತು. ಅಲ್ಲಿ ಆ ದಾರಿಯೇನೂ ಕಿರಿದಲ್ಲ. ಮ್ಯಾಂಚೆಸ್ಟರ್ ಯುನೈಟೆಡ್‌ನ ಯುವ ಆಟಗಾರ ಬೆನ್ ಕೋಲೆಟ್ 2003ರಲ್ಲಿ ಮೀಸಲು ತಂಡದ ಪಂದ್ಯದಲ್ಲಿ ಕಾಲು ಮುರಿದುಕೊಂಡ. 2008ರಲ್ಲಿ ನ್ಯಾಯಾಲಯ ಅವನಿಗೆ 43 ಲಕ್ಷ ಪೌಂಡ್ ಪರಿಹಾರ ಕೊಡಿಸಿತು. ಹಣ ತೆತ್ತದ್ದು ಎದುರಾಳಿಯ ಕ್ಲಬ್ಬಿನ ಕಡೆಯವರು. ಜೈಲು ಶಿಕ್ಷೆಯಿಂದ ಮುರಿದ ಕಾಲಿನವನಿಗೆ ಒಂದು ಪೈಸೆಯೂ ಸಿಗದು. ಪರಿಹಾರದ ಭಯ ಕ್ಲಬ್ಬುಗಳನ್ನೂ ಎಚ್ಚರಿಸುತ್ತದೆ. ಚೆಂಡಿಗಾಗಿ ನಡೆದ ಸೆಣಸಾಟದ ಗಾಯಕ್ಕೆ ಇದೇ ಹೆಚ್ಚು ಪ್ರಯೋಜನದ ದಾರಿ.

ರೆಫರಿಯ ಮೇಲೆ ಕೈ ಮಾಡಿದರೆ ಮಾತ್ರ ಯಾವ ವಿನಾಯಿತಿಯೂ ಸಲ್ಲದು. ಬ್ರೆಜಿಲ್‌ನಲ್ಲಿ 2021ರ ಅಕ್ಟೋಬರಿನಲ್ಲಿ ಆಟಗಾರನೊಬ್ಬ ನೆಲಕ್ಕೆ ಬಿದ್ದಿದ್ದ ರೆಫರಿಯ ತಲೆಗೆ ಒದ್ದಾಗ ಪೊಲೀಸರು ಹಿಡಿದದ್ದು ಕೊಲೆಯತ್ನದ ಆರೋಪದ ಮೇಲೆ. ಟರ್ಕಿಯಲ್ಲಿ 2023ರ ಡಿಸೆಂಬರ್ 11ರಂದು ಅಂಕಾರಗುಜು ಕ್ಲಬ್ಬಿನ ಅಧ್ಯಕ್ಷ ಫಾರೂಕ್ ಕೋಜಾ ಪಂದ್ಯ ಮುಗಿದೊಡನೆ ಮೈದಾನಕ್ಕೆ ನುಗ್ಗಿ ರೆಫರಿ ಹಲೀಲ್ ಉಮುತ್ ಮೆಲೆರ್ ಮುಖಕ್ಕೆ ಗುದ್ದಿದ. ಕೆಳಗೆ ಬಿದ್ದ ರೆಫರಿಯನ್ನು ಬೇರೆ ಕೆಲವರು ಒದ್ದರು. ದೇಶದ ಲೀಗ್‌ಗಳೇ ಕೆಲವು ದಿನ ನಿಂತುಹೋದವು. ಮರುವರ್ಷ ಕೋಜಾಗೆ ಮೂರೂವರೆ ವರ್ಷಕ್ಕೂ ಹೆಚ್ಚಿನ ಸೆರೆಶಿಕ್ಷೆಯಾಯಿತು. ರೆಫರಿ ಆಟ ನಡೆಸಲು ಬಂದವನು, ಪೆಟ್ಟು ತಿನ್ನಲು ಒಪ್ಪಿ ಬಂದವನಲ್ಲ.

ಭಾರತದ ಕಾನೂನಿನಲ್ಲಿ ಕ್ರೀಡೆಗೆಂದೇ ಪ್ರತ್ಯೇಕ ಕಲಂ ಇಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 25ನೇ ಕಲಂ, ಹಳೆಯ ದಂಡ ಸಂಹಿತೆಯ 87ನೇ ಕಲಮಿನ ಮುಂದುವರಿಕೆ. 18 ವರ್ಷ ಮೀರಿದವನು ಒಪ್ಪಿಕೊಂಡ ಅಪಾಯದಿಂದ ಆದ ಗಾಯ ಅಪರಾಧವಲ್ಲ ಎನ್ನುತ್ತದೆ ಅದು. ಅಲ್ಲಿನ ಉದಾಹರಣೆಯೇ ಮನರಂಜನೆಗಾಗಿ ಆಡುವ ಕತ್ತಿವರಸೆಯದು: ನ್ಯಾಯವಾಗಿ ಆಡುವಾಗ ಗಾಯವಾದರೆ ಅಪರಾಧವಿಲ್ಲ. ಆದರೆ ಸಾವು ಅಥವಾ ಗಂಭೀರ ಗಾಯದ ಉದ್ದೇಶವಿದ್ದರೆ, ಹಾಗಾಗುವುದು ಸಂಭವನೀಯ ಎಂಬ ಅರಿವಿದ್ದರೆ ಈ ರಕ್ಷಣೆ ಸಿಗುವುದಿಲ್ಲ. ಮೂಳೆ ಮುರಿತ, ಹಲ್ಲು ಮುರಿತ ಎರಡೂ ಸಂಹಿತೆಯ ವ್ಯಾಖ್ಯೆಯಲ್ಲಿ ಗಂಭೀರ ಗಾಯಗಳೇ. ಇಬ್ಬರು ಸಾರ್ವಜನಿಕ ಸ್ಥಳದಲ್ಲಿ ಹೊಡೆದಾಡಿ ಶಾಂತಿ ಕದಡಿದರೆ 194ನೇ ಕಲಂ ಅನ್ವಯಿಸುತ್ತದೆ. ಹಾಗಾಗಿ ಕಾನೂನಿನ ಕೊರತೆಯೇನಿಲ್ಲ, ಯಾವಾಗ ಬಳಸಬೇಕು ಎಂಬುದಕ್ಕೆ ಗೆರೆಯಿಲ್ಲ ಅಷ್ಟೇ.

ಆ ಗೆರೆ ಏಕೆ ಬೇಕು ಎಂಬುದಕ್ಕೆ ಬೆಂಗಳೂರಿನ ಕಂಠೀರವ ಕ್ರೀಡಾಂಗಣದ ಪಂದ್ಯವೊಂದು ಸಾಕು. 2004ರ ಡಿಸೆಂಬರ್ 5ರ ಫೆಡರೇಷನ್ ಕಪ್ ಫೈನಲ್‌ನಲ್ಲಿ ಗೋವಾದ ಡೆಂಪೊ ತಂಡದ ಬ್ರೆಜಿಲ್ ಆಟಗಾರ ಕ್ರಿಸ್ಟಿಯಾನೊ ಜೂನಿಯರ್ ಮೋಹನ್ ಬಗಾನ್ ವಿರುದ್ಧ ತನ್ನ ಎರಡನೆಯ ಗೋಲು ಹೊಡೆದ. ಅದೇ ಕ್ಷಣ ಎದುರಾಳಿ ಗೋಲ್‌ಕೀಪರ್‌ಗೆ ಢಿಕ್ಕಿಯಾಗಿ ಕುಸಿದು ಪ್ರಾಣಬಿಟ್ಟ. ಫುಟ್‌ಬಾಲ್ ಫೆಡರೇಷನ್ ಗೋಲ್‌ಕೀಪರ್‌ನನ್ನು ಎರಡು ತಿಂಗಳು ಅಮಾನತುಗೊಳಿಸಿತು. ಮೈದಾನದಲ್ಲಿದ್ದ ವೈದ್ಯಕೀಯ ವ್ಯವಸ್ಥೆಯ ಬಗ್ಗೆಯೂ ಕಟು ಟೀಕೆ ಬಂತು. ಚೆಂಡಿಗಾಗಿ ಇಬ್ಬರೂ ನುಗ್ಗಿದಾಗ ಆದ ಸಾವು ಇದು, 1878ರ ಪ್ರಕರಣದ ಸಾಲಿಗೆ ಸೇರುವಂಥದ್ದು. ಇಂಥದ್ದರಲ್ಲಿ ಆಟಗಾರನನ್ನು ಕಟಕಟೆಗೆ ನಿಲ್ಲಿಸುವುದು ತಪ್ಪಾಗುತ್ತದೆ. ಆಂಬುಲೆನ್ಸ್, ವೈದ್ಯರು ಸಿದ್ಧವಿದ್ದರೇ ಎಂದು ಸಂಘಟಕರನ್ನು ಕೇಳುವುದು ತಪ್ಪಾಗದು.

ಚೆಂಡಿನ ಹಂಗಿಲ್ಲದೆ ಮಾಡಿದ ಹಲ್ಲೆ, ರೆಫರಿ ಮತ್ತು ಪ್ರೇಕ್ಷಕರ ಮೇಲಿನ ಹಲ್ಲೆ, ಬೇಕೆಂದೇ ಮಾಡಿದ್ದೆಂದು ಸಾಕ್ಷ್ಯವಿರುವ ಟ್ಯಾಕಲ್ ಇವು ಪೊಲೀಸರಿಗೆ ಹೋಗಲಿ. ಮಿಕ್ಕದ್ದು ಶಿಸ್ತು ಸಮಿತಿಗೂ ಸಿವಿಲ್ ಕೋರ್ಟಿಗೂ ಇರಲಿ. ಸ್ಕಾಟ್ಲೆಂಡಿನಲ್ಲಿ ಬಂದಂಥ ಲಿಖಿತ ಸೂಚನೆಯನ್ನು ರಾಜ್ಯದ ಗೃಹ ಇಲಾಖೆಯೂ ಫುಟ್‌ಬಾಲ್ ಸಂಸ್ಥೆಯೂ ಕೂಡಿ ಕುಳಿತು ಇಲ್ಲೂ ಸಿದ್ಧಪಡಿಸಬಹುದು. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಒಂದು ಸುತ್ತೋಲೆ ಸಾಕು.